ಆರನೆಯ ರೊಟ್ಟಿ

ಹೋದ ವರ್ಷ ನನ್ನ ಮೊಮ್ಮಗಳು ಪುಣೆಯಲ್ಲಿ ನನ್ನನ್ನು ಒಂದು ಜಪಾನಿ ಸುಶಿ ರೆಸ್ಟೋರೆಂಟಿಗೆ ಕರೆದುಕೊಂಡು ಹೋದಳು. ಹಸಿ ಮೀನು ನಮ್ಮ ಮನೆತನಕ್ಕೆ ಆಗಿಬರುವುದಿಲ್ಲ. ನನಗಾಗಿ ಸೌತೆಕಾಯಿಯದನ್ನು ತರಿಸಿದಳು. ಕೌಂಟರಿನ ಆಚೆ ನಿಂತ ಅಡುಗೆಯವನು ಅಂಗೈ ಒದ್ದೆ ಮಾಡಿಕೊಂಡು ಅನ್ನ ಒತ್ತುತ್ತಿದ್ದ. ಎರಡು ಒತ್ತು, ಒಂದು ಚಪ್ಪಾಳೆ. ಎರಡು ಒತ್ತು, ಒಂದು ಚಪ್ಪಾಳೆ. ನಾನು ಕಣ್ಣು ಮುಚ್ಚಿದೆ.

"ಅಜ್ಜಿ, ನಿದ್ದೆ ಬಂತಾ?"

"ಇಲ್ಲವ್ವಾ, ಕೇಳಾಕತ್ತೇನಿ."

"ಏನು ಕೇಳ್ತಿದೀಯಾ?"

"ಈ ಅಂಗಡಿ ಛಲೋ ಐತೋ ಇಲ್ಲೋ ಅಂತ."

ಅವಳು ನಕ್ಕು ತನ್ನ ಫೋನು ತೋರಿಸಿದಳು. ಅದರಲ್ಲಿ ಸಾಲಾಗಿ ನಕ್ಷತ್ರಗಳಿದ್ದವು. ನಾಲ್ಕು ತುಂಬಿದ್ದವು, ಐದನೆಯದು ಅರ್ಧ. ಯಾರೋ ಗುರುತಿಲ್ಲದ ನೂರಾರು ಜನ ಉಂಡು ಹೋಗಿ ಹಾಕಿದ ಮಾರ್ಕ್ಸ್ ಅಂತೆ. ವೆರಿ ನೈಸ್, ಅಂದೆ. ನಮ್ಮ ಕಡೆ ಆಗ ನಕ್ಷತ್ರ ಇರಲಿಲ್ಲ, ಒಂದು ಬಡಿಗೆ ಇತ್ತು. ಅದು ನನ್ನ ಅಜ್ಜನದು.

ಅಜ್ಜನಿಗೆ ಶಿಗ್ಗಾಂವಿಯಲ್ಲಿ ಕಾಳುಕಡಿಯ ದಲಾಲಿ ಅಂಗಡಿ. ವಾರದಲ್ಲಿ ಮೂರು ದಿನವಾದರೂ ಚಕ್ಕಡಿ ಹೂಡಿಕೊಂಡು ಹಾನಗಲ್ಲು, ಸವಣೂರು, ಹಿರೇಕೆರೂರು ಎಂದು ಸಂತೆ ತಿರುಗುವವನು. ಸಂತೆಗೆ ಬಂದ ವ್ಯಾಪಾರಿಗಳು, ಚಕ್ಕಡಿಯವರು, ಕೋರ್ಟು ಕಚೇರಿಗೆ ಬಂದವರು, ಎಲ್ಲರಿಗೂ ಮಧ್ಯಾಹ್ನವಾದರೆ ಖಾನಾವಳಿ ಬೇಕು. ಖಾನಾವಳಿಗಳಿಗೆ ಆಗ ಬೋರ್ಡು ಇರಲಿಲ್ಲ. ಯಾರದೋ ಮನೆಯ ಪಡಸಾಲೆ, ಒಳಗೊಂದು ಒಲೆ, ಸಾಲಾಗಿ ಹಾಸಿದ ಕಂಬಳಿ. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಹೊರಗಿನಿಂದ ಹೇಗೆ ತಿಳಿಯಬೇಕು? ಅದಕ್ಕೆ ಜನ ಅಜ್ಜನ ಬಡಿಗೆ ನೋಡುತ್ತಿದ್ದರು. ಹಿತ್ತಾಳೆಯ ತಲೆ ಇದ್ದ ಬಿದಿರಿನ ಬಡಿಗೆ ಅದು. ಅಜ್ಜ ಒಳಗೆ ಹೋಗುವಾಗ ಅದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂರುತ್ತಿದ್ದ. ನಾಲ್ಕು ತುತ್ತು ಉಂಡು ಮನಸ್ಸಿಗೆ ಬಂದರೆ ಎದ್ದು ಹೋಗಿ ಬಡಿಗೆಯನ್ನು ಹೊರಗಿನ ಬಾಗಿಲಿಗೆ ಆನಿಸಿ ಮತ್ತೆ ಬಂದು ಊಟಕ್ಕೆ ಕೂರುತ್ತಿದ್ದ. ಮನಸ್ಸಿಗೆ ಬರದಿದ್ದರೆ ದುಡ್ಡು ಕೊಟ್ಟು, ಬಡಿಗೆ ಕಂಕುಳಲ್ಲಿ ಇಟ್ಟುಕೊಂಡು ಹೊರಟುಬಿಡುತ್ತಿದ್ದ. ಒಂದು ಮಾತೂ ಆಡುತ್ತಿರಲಿಲ್ಲ. "ಅಜ್ಜಾರ ಬಡಿಗಿ ಎಲ್ಲಿ ನಿಂತೈತಿ?" ಎಂದು ಕೇಳಿಕೊಂಡು ಜನ ಓಣಿ ಓಣಿ ಹುಡುಕುತ್ತಿದ್ದರು.

ಅಜ್ಜ ಪಲ್ಯಕ್ಕೆ ಮಾರ್ಕ್ಸ್ ಕೊಡುತ್ತಿರಲಿಲ್ಲ. "ಪಲ್ಯಾ ಯಾರರ ಮಾಡತಾರ, ಎಣ್ಣಿ ಸುರುವಿದ್ರ ಆತು" ಎನ್ನುತ್ತಿದ್ದ. ಅವನು ಮೊದಲು ನೀರು ಕೇಳುವನು. ತಂಬಿಗೆ ತಂದವರ ಹೆಬ್ಬೆರಳು ನೀರಿನಲ್ಲಿ ಅದ್ದಿದೆಯೋ ಇಲ್ಲವೋ ನೋಡುವನು. ಆಮೇಲೆ ಒಳಗಿನಿಂದ ಬರುವ ರೊಟ್ಟಿ ಬಡಿಯುವ ಸಪ್ಪಳ ಕೇಳುವನು. ಆಮೇಲೆ ರೊಟ್ಟಿಯನ್ನು ಏನೂ ಹಚ್ಚಿಕೊಳ್ಳದೆ ಬರಿದೆ ಅಗಿಯುವನು. ಬೆರಳ ತುದಿಯಷ್ಟು ಚಟ್ನಿ, ಒಂದು ಗುಟುಕು ಸಾರು, ಕೊನೆಗೆ ಮಜ್ಜಿಗೆ. ಅಷ್ಟೇ. ಮುಗಿಯಿತು ಪರೀಕ್ಷೆ.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಬೋರ್ಡಿಂಗಿನಲ್ಲಿದ್ದೆ. ನನ್ನ ಅಪ್ಪ ಧಾರವಾಡದಲ್ಲಿ ವಕೀಲಿ ಮಾಡುತ್ತಿದ್ದರು, ಮಗಳು ಇಂಗ್ಲಿಷ್ ಮಾತಾಡಬೇಕೆಂಬ ಹುಚ್ಚು ಅವರಿಗೆ. ಬೇಸಿಗೆಯ ಹಾಲಿಡೇಸ್ ಮಾತ್ರ ಅಜ್ಜನ ಮನೆಯಲ್ಲಿ. ನಾನು ಹೇಳುತ್ತಿರುವ ಬೇಸಿಗೆಯಲ್ಲಿ ನನಗೆ ಹನ್ನೊಂದು ವರ್ಷ, ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ರೈಲಿನಲ್ಲಿ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಸರ್ವಿಸ್ ಮೋಟಾರಿನಲ್ಲಿ ಧೂಳು ತಿನ್ನುತ್ತ ಶಿಗ್ಗಾಂವಿಗೆ ಬಂದು ಇಳಿದಾಗ ಅಜ್ಜ ಅರ್ಧ ಆಗಿದ್ದ. ಯುಗಾದಿಗೆ ಮೊದಲು ಜ್ವರ ಬಂದು ಇಪ್ಪತ್ತೊಂದು ದಿನ ಮಲಗಿದ್ದನಂತೆ. ಈಗ ಎದ್ದು ಓಡಾಡುತ್ತಿದ್ದ.

ಬಂದ ಮರುದಿನವೇ ಮನೆಯಲ್ಲಿ ಒಂದು ತಮಾಷೆ ಆಯಿತು. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಹೀರೇಕಾಯಿ ಪಲ್ಯ ಮಾಡಿದ್ದಳು. ಹೆಚ್ಚುವಾಗ ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡುವುದನ್ನು ಮರೆತಿದ್ದಳು. ಕಾಯಿ ಕಹಿ. ಎಂಥ ಕಹಿ ಎಂದರೆ, ನನ್ನ ಕಾಕಾ ಒಂದು ತುತ್ತಿಗೆ ಎದ್ದು ಹಿತ್ತಲಿಗೆ ಓಡಿದ. ಕಾಕೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಟೇಬಲ್ ಮ್ಯಾನರ್ಸ್ ಬಿಟ್ಟು ಉಗುಳಿದೆ. ಅಜ್ಜ ಮಾತ್ರ ತಾಟು ಖಾಲಿ ಮಾಡಿ, "ಇನ್ನೊಂದೀಟ ಹಾಕು. ಛಲೋ ಆಗೇತಿ" ಅಂದ.

ಎಲ್ಲರೂ ಕಲ್ಲಾದರು. ಆಯಿಯ ಅಡುಗೆಯನ್ನು ಅಜ್ಜ ಬಾಯಿ ಬಿಟ್ಟು ಹೊಗಳಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಆಯಿ ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡಳು, ಮುಖ ಹಿಂಡಿದಳು, ಅಜ್ಜನನ್ನು ನೋಡಿದಳು.

"ನಾ ಬೇಸರ ಮಾಡಿಕೊಳ್ಳಬಾರದಂತ ತಿಂದ್ರಲ್ಲ" ಎಂದು ಮೆಲ್ಲಗೆ ಹೇಳಿ, ನಾಚಿಕೊಂಡು ಒಳಗೆ ಹೋದಳು. ಕಹಿ ಪಲ್ಯ ಮಾಡಿ ನಾಚಿದ ಹೆಂಗಸನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಅದೇ ದಿನ ಸಂಜೆ ಹಿತ್ತಲಿನಲ್ಲಿ ಅಜ್ಜ ಒಬ್ಬನೇ ನಿಂತಿದ್ದ. ಒಂದು ಕೈಯಲ್ಲಿ ಬೇವಿನ ಎಲೆ, ಇನ್ನೊಂದರಲ್ಲಿ ಬೆಲ್ಲ. ಬೇವು ಅಗಿದ, ಬೆಲ್ಲ ಕಚ್ಚಿದ, ಕಣ್ಣು ಮುಚ್ಚಿಕೊಂಡು ಮತ್ತೆ ಬೇವು ಅಗಿದ. ನಾನು ಹಿಂದೆ ನಿಂತಿದ್ದು ಅವನಿಗೆ ಗೊತ್ತಿರಲಿಲ್ಲ.

"ಅಜ್ಜಾ, ಏನ್ ಮಾಡಾಕತ್ತೀ?"

ಬೆಚ್ಚಿ ತಿರುಗಿದ. ಸುತ್ತಮುತ್ತ ನೋಡಿ ನನ್ನನ್ನು ಹತ್ತಿರ ಕರೆದ.

"ಯಾವುದು ಬೆಲ್ಲ ಯಾವುದು ಬೇವು ತಿಳಿವಲ್ದವ್ವಾ. ಜರ ಬಂದು ಹೋತಲ್ಲ, ಹೋಗೂ ಮುಂದ ನಾಲಿಗೀನೂ ಕರಕೊಂಡು ಹೋತು. ವಾಸನಿನೂ ಇಲ್ಲ. ಸವಣೂರ ಎಲಿ ಹಾಕ್ಕೊಂಡ್ರ ಬಾಯಿ ಕೆಂಪಗ ಆಕ್ಕೈತಿ, ಅಷ್ಟ."

"ಡಾಕ್ಟರಿಗೆ ಹೇಳಬೇಕಲ್ಲ?"

"ಡಾಕ್ಟರಿಗೆ ಹೇಳಿದ್ರ ಕಂಪೌಂಡರಗ ತಿಳೀತೈತಿ. ಕಂಪೌಂಡರಗ ತಿಳಿದ್ರ ಪ್ಯಾಟಿಗೆಲ್ಲಾ ತಿಳೀತೈತಿ. ನಾಲಿಗಿ ಇಲ್ಲದಾವನ ಬಡಿಗಿ ಯಾರು ನಂಬತಾರ? ಯಾರ ಮುಂದನೂ ಹೇಳಬ್ಯಾಡ. ನಿಮ್ಮ ಆಯಿ ಮುಂದನೂ."

ನನ್ನ ಎದೆ ಉಬ್ಬಿತು. ಎ ಸೀಕ್ರೆಟ್! ಕಾನ್ವೆಂಟಿನಲ್ಲಿ ಹುಡುಗಿಯರು ಗುಟ್ಟುಗಳನ್ನು ರಿಬ್ಬನ್ನಿನ ಹಾಗೆ ಬದಲಾಯಿಸಿಕೊಳ್ಳುತ್ತಿದ್ದರು. ಇದು ಅಂಥದ್ದಲ್ಲ, ಇದು ನಾಲ್ಕು ತಾಲೂಕಿನ ಗುಟ್ಟು. ನಾನೇ ಹೇಳಿದೆ, "ಅಜ್ಜಾ, ನನಗ ನಾಲಿಗಿ ಐತಲ್ಲ?"

ಅಲ್ಲೇ ಕರಾರು ಆಯಿತು. ಇನ್ನು ಮೇಲೆ ಸಂತೆಗೆ ನಾನೂ ಹೋಗುವುದು. ಖಾನಾವಳಿಯಲ್ಲಿ ಅಜ್ಜನ ತಾಟಿನಲ್ಲೇ ಉಣ್ಣುವುದು, ಮುದ್ದಿನ ಮೊಮ್ಮಗಳು ಎಂದು ಜನ ಸುಮ್ಮನಿರುತ್ತಾರೆ. ಊಟ ಚೆನ್ನಾಗಿದ್ದರೆ ಅಜ್ಜನ ಧೋತರದ ಅಂಚನ್ನು ಒಂದು ಸಲ ಜಗ್ಗುವುದು. ಚೆನ್ನಾಗಿಲ್ಲದಿದ್ದರೆ ಎರಡು ಸಲ.

ಈಗ ಒಂದು ಮಾತು ಹೇಳಬೇಕು. ಕಾನ್ವೆಂಟಿನಲ್ಲಿ ನಮಗೆ ಬೆಳಗ್ಗೆ ಗಂಜಿಯಂಥ ಪಾರಿಜ್, ಮಧ್ಯಾಹ್ನ ಬೇಯಿಸಿದ ಕೋಸು, ರಾತ್ರಿ ಬ್ರೆಡ್ಡು ಮತ್ತು ಬಿಸಿನೀರಿನಂಥ ಸೂಪು. ಭಾನುವಾರ ರೈಸ್ ಪುಡ್ಡಿಂಗ್ ಎಂಬ, ಹಾಲಿಗೆ ಅನ್ನ ಜಾರಿ ಬಿದ್ದಂಥ ಒಂದು ಪದಾರ್ಥ. ಅದರ ಮೇಲೆ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ಹೇಳಿಕೊಟ್ಟಿದ್ದರು, ದೇವರು ಕೊಟ್ಟ ಊಟವನ್ನು ಹೀಗಳೆಯುವುದು ಪಾಪ. ಒಂಬತ್ತು ತಿಂಗಳು ಇದನ್ನು ಉಂಡು, ಇದನ್ನು ಕೇಳಿ ಬಂದ ಹುಡುಗಿಯ ನಾಲಿಗೆಯನ್ನು ನನ್ನ ಅಜ್ಜ ನೆಚ್ಚಿಕೊಂಡ. ಪುವರ್ ಡಿಯರ್.

ಮೊದಲು ಹಾನಗಲ್ಲು. ಬತ್ತದ ಊರು, ಕೆರೆಯ ಮೇಲಿನ ಗಾಳಿ ತಂಪಾಗಿ ಬರುತ್ತಿತ್ತು. ಹೊಸದಾಗಿ ಶುರುವಾಗಿದ್ದ ಒಂದು ಖಾನಾವಳಿಗೆ ಹೋದೆವು. ಅನ್ನ ಬಡಿಸಿದರು, ಮೇಲೆ ಸಾರು ಹಾಕಿದರು. ಬಿಸಿ ಅನ್ನ! ಮೆಣಸಿನಕಾಯಿಯ ಬಣ್ಣ ಇದ್ದ ಸಾರು! ನನಗೆ ಕಣ್ಣಲ್ಲಿ ನೀರು ಬಂತು. ಧೋತರವನ್ನು ಎಷ್ಟು ಜೋರಾಗಿ ಜಗ್ಗಿದೆನೆಂದರೆ ಅಜ್ಜ ಒಂದು ಕೈಯಲ್ಲಿ ಸೊಂಟ ಹಿಡಿದುಕೊಳ್ಳಬೇಕಾಯಿತು. ಬಡಿಗೆ ಹೊರಗೆ ನಿಂತಿತು. ಹತ್ತು ನಿಮಿಷದಲ್ಲಿ ಪಡಸಾಲೆ ತುಂಬಿತು.

ಹಾಗೆ ಬಂದವರಲ್ಲಿ ಒಬ್ಬ ಹತ್ತಿಯ ಸಾವಕಾರ. ದೊಡ್ಡ ಮೀಸೆ, ದೊಡ್ಡ ಹೊಟ್ಟೆ, ಬಾಯಿ ತುಂಬ ಚೇಷ್ಟೆ. ಅಜ್ಜನ ಬಡಿಗೆ ಕಂಡಲ್ಲಿ ಉಣ್ಣುವುದು ಅವನ ವರ್ಷಗಳ ರೂಢಿ. ಅವನು ಅನ್ನ ಕಲಸಿ, ಬೆರಳುಗಳನ್ನು ಬಿಡಿಸಿಕೊಳ್ಳಲಾಗದೆ, "ಅಜ್ಜಾರ, ಇದು ಅನ್ನನೋ ಗೋಂದೋ?" ಎಂದ.

"ಉಣ್ಣೋ ತಮ್ಮಾ, ಹೊಸ ಅಕ್ಕಿ" ಎಂದ ಅಜ್ಜ, ಗಂಭೀರವಾಗಿ.

ಬಡಿಗೆ ನಿಂತಿದೆ ಎಂದ ಮೇಲೆ ಏನೋ ಇರಬೇಕು, ತನಗೇ ತಿಳಿಯುತ್ತಿಲ್ಲ ಎಂದುಕೊಂಡು ಎಲ್ಲರೂ ಅಂದು ಗೋಂದು ಉಂಡರು.

ಮುಂದಿನ ವಾರ ಸವಣೂರು. ಅಲ್ಲಿ ಅಜ್ಜ ಕೂತಕೂಡಲೇ ತಲೆ ಓರೆ ಮಾಡಿ, ನನ್ನ ಕಿವಿಯಲ್ಲಿ, "ರೊಟ್ಟಿ ಸಪ್ಪಳ ಸರಿ ಇಲ್ಲವ್ವಾ, ನಡುನಡುವ ನಿಲ್ಲಾಕತ್ತೈತಿ. ಹಿಟ್ಟು ಹಳೇದು. ನೀ ಏನಂತಿ?" ಅಂದ.

ನಾನು ಆಗಲೇ ಗುರೆಳ್ಳಿನ ಚಟ್ನಿ ಹಚ್ಚಿಕೊಂಡು ಎರಡನೆಯ ರೊಟ್ಟಿಯಲ್ಲಿದ್ದೆ. ಒಂದು ಸಲ ಜಗ್ಗಿದೆ.

"ಖರೇನ?"

ಮತ್ತೆ ಒಂದು ಸಲ ಜಗ್ಗಿದೆ. ಎರಡು ಜಗ್ಗು ಆಗಬಾರದು ಎಂದು ನಡುವೆ ಸಾಕಷ್ಟು ಹೊತ್ತು ಬಿಟ್ಟೇ ಜಗ್ಗಿದೆ. ಅಜ್ಜ ತನ್ನ ಕಿವಿಯನ್ನು ಬಿಟ್ಟು ನನ್ನ ನಾಲಿಗೆಯನ್ನು ನಂಬಿದ. ಎದ್ದು ಹೋಗಿ ಬಡಿಗೆ ನಿಲ್ಲಿಸಿ ಬಂದ.

ಅಂದು ಊಟದ ಮೇಲೆ ಸಾವಕಾರ ಬೀದಿಯಲ್ಲೇ ಅಜ್ಜನನ್ನು ತಡೆದ. ಹಿಂದೆ ಐದಾರು ಜನ ಹೊಟ್ಟೆ ಸವರಿಕೊಳ್ಳುತ್ತ ನಿಂತಿದ್ದರು.

"ಅಜ್ಜಾರ, ಸಿಟ್ಟಾಗಬ್ಯಾಡ್ರಿ, ಒಂದು ಮಾತು ಕೇಳ್ತೇನಿ. ಚಟ್ನಿ ಕಮಟು, ರೊಟ್ಟಿ ಬಿರುಕು, ಸಾರಿನಾಗ ನನ್ನ ಮೀಸಿ ಕಾಣಾಕತ್ತಿತ್ತು. ನಿಮ್ಮ ಬಡಿಗಿಗೆ ಗೆದ್ದಲ ಹತ್ತೈತೇನ್ರಿ?"

ಎಲ್ಲರೂ ನಕ್ಕರು. ಅಜ್ಜನೂ ನಕ್ಕ. ಆದರೆ ಎಲೆಗೆ ಸುಣ್ಣ ಸವರುತ್ತಿದ್ದ ಅವನ ಬೆರಳು ಅಲ್ಲೇ ನಿಂತುಬಿಟ್ಟಿತ್ತು. ನಾನು ನೋಡಿದೆ.

ವಾಪಸು ಚಕ್ಕಡಿಯಲ್ಲಿ ಹೊರಟೆವು. ಎತ್ತುಗಳ ಗೆಜ್ಜೆ, ಗಾಲಿಯ ಕಿರ್ರ್. ಕೊನೆಗೆ ಅಜ್ಜ ಕೇಳಿದ, "ಖರೇ ಹೇಳು. ಚಟ್ನಿ ಹೆಂಗಿತ್ತು?"

"ವಂಡರ್‌ಫುಲ್ ಇತ್ತು ಅಜ್ಜಾ."

"ಹಾನಗಲ್ಲಾಗಿನ ಅನ್ನ?"

"ಅದೂ."

"ನಿಮ್ಮ ಕಾನ್ವೆಂಟಿನಾಗ ಊಟಕ್ಕ ಏನ್ ಹಾಕತಾರ?"

ಹೇಳಿದೆ. ಪಾರಿಜ್, ಕೋಸು, ಸೂಪು, ಪುಡ್ಡಿಂಗು, ಊಟ ಹೀಗಳೆಯುವ ಪಾಪ, ಎಲ್ಲ. ಹೇಳುತ್ತ ಹೋದ ಹಾಗೆ ಅಜ್ಜನ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾನೆ ಎಂದುಕೊಂಡೆ. ನಗುತ್ತಿದ್ದ. ರುಮಾಲು ಜಾರಿ ಹುಲ್ಲಿನ ಮೇಲೆ ಬೀಳುವಷ್ಟು ನಕ್ಕ. ಎತ್ತುಗಳು ಗಾಬರಿಯಾಗಿ ನಿಂತವು.

"ಅಯ್ಯ ಶಿವನ! ವರ್ಷಗಟ್ಟಲೆ ಉಪಾಸ ಇದ್ದಾಕಿನ್ನ ಕರಕೊಂಡು ಬಂದು ರುಚಿ ಕೇಳಿದ್ನೆಲ್ಲ ನಾನು! ನಿನಗ ಆ ಎತ್ತಿನ ಹಿಂಡಿ ಕೊಟ್ಟಿದ್ರೂ ಧೋತರ ಜಗ್ಗತಿದ್ದಿ."

"ಆದ್ರ ಅಜ್ಜಾ, ಅನ್ನಕ್ಕ ಹೆಸರಿಟ್ರ ಸಿನ್ ಅಲ್ಲೇನು?"

ನಗು ನಿಲ್ಲಿಸಿ ಕಣ್ಣೊರೆಸಿಕೊಂಡ. "ಅನ್ನಕ್ಕ ಬೈಯಬ್ಯಾಡ, ನಿಮ್ಮ ಸಿಸ್ಟರ್ ಹೇಳಿದ್ದು ಬರೋಬರಿ ಐತಿ. ಆದ್ರ ಹಸದು ಬಂದು ದಾರಿ ಕೇಳಿದಾಂವಗ ಸುಳ್ಳು ದಾರಿ ತೋರಸಬ್ಯಾಡ. ಅದು ಇನ್ನೂ ದೊಡ್ಡ ಪಾಪ."

ಆಮೇಲಿನ ಮೂರು ವಾರ ನನ್ನ ಜೀವನದ ಬೆಸ್ಟ್ ಸ್ಕೂಲಿಂಗ್. ಕಾನ್ವೆಂಟಿನ ಯಾವ ಟೀಚರೂ ನನಗೆ ಅಷ್ಟು ಕಲಿಸಿಲ್ಲ. ಅಜ್ಜನ ಹೊಲ ಇದ್ದದ್ದು ಹಿರೇಬೆಂಡಿಗೇರಿಯಲ್ಲಿ. ಅಲ್ಲಿಂದ ಬಂದ ಜೋಳವನ್ನು ಬೀಸಿಸಿ ಇಂದಿನ ಹಿಟ್ಟು, ನಾಲ್ಕು ದಿನದ ಹಿಟ್ಟು, ಹದಿನೈದು ದಿನದ ಹಿಟ್ಟು ಎಂದು ಬೇರೆ ಬೇರೆ ಇಡಿಸಿದ. ಆಯಿ ಬೈಯುತ್ತಲೇ ಮೂರರ ರೊಟ್ಟಿಯನ್ನೂ ಬಡಿದುಕೊಟ್ಟಳು. ನಾನು ಕಣ್ಣು ಮುಚ್ಚಿ, ಏನೂ ಹಚ್ಚಿಕೊಳ್ಳದೆ, ಇಪ್ಪತ್ತು ಸಲ ಅಗಿಯಬೇಕು.

"ಅಗಿ, ಅಗಿ. ನುಂಗಬ್ಯಾಡ. ಒಳಗಿಂದ ಸಿಹಿ ಬಂತೇನು?"

"ಇಲ್ಲ."

"ಹಂಗಾರ ಅದು ಹಳೇದು. ಹೊಸ ಹಿಟ್ಟಿನ ರೊಟ್ಟಿ ಇಪ್ಪತ್ತರೊಳಗ ಸಿಹಿ ಬಿಡತೈತಿ."

ಮುಂಜಾನೆಯ ಮಜ್ಜಿಗೆ, ಸಂಜೆಯ ಮಜ್ಜಿಗೆ. ಹುರಿದ ಕೂಡಲೇ ಕುಟ್ಟಿದ ಗುರೆಳ್ಳು, ವಾರ ಬಿಟ್ಟು ಕುಟ್ಟಿದ್ದು. ಈ ನಡುವೆ ನನ್ನ ಕಾನ್ವೆಂಟಿನ ಹಸಿವೂ ತೀರುತ್ತ ಬಂದಿತ್ತು. ಒಂದು ದಿನ ಊಟಕ್ಕೆ ಕೂತವಳು, "ಆಯಿ, ಇವತ್ತ ಸಾರಿಗೆ ಹೊಗಿ ಹತ್ತೇತಿ" ಎಂದುಬಿಟ್ಟೆ.

ಆಯಿ ಸೌಟು ಎತ್ತಿಕೊಂಡು ನಿಂತಳು. "ನೋಡ್ರಿ! ಇಂಗ್ಲೀಷ್ ಸಾಲಿಗೆ ಹಾಕಿದ್ದಕ್ಕ ಇದು ಫಲ! ಬಂದ ದಿನ ತಳ ಕೆರೆಕೊಂಡು ತಿಂದಾಕಿ!"

ಅಜ್ಜನಿಗೆ ಹಿಡಿಸಲಾರದಷ್ಟು ಸಂತೋಷ. ಎದ್ದು ಬಂದು ನನ್ನ ತಲೆಯ ಮೇಲೆ ಕೈ ಇಟ್ಟ. "ನಾಳಿ ಹಿರೇಕೆರೂರಿಗೆ ಹೋಗೂಣು" ಅಂದ.

ಹಿರೇಕೆರೂರಿನ ಸಂತೆಗೆ ಹಿಂದಿನ ದಿನವೇ ಹೊರಟು, ದಾರಿಯಲ್ಲಿ ಪರಿಚಿತರ ಮನೆಯಲ್ಲಿ ಮಲಗಿ, ಮಧ್ಯಾಹ್ನದ ಹೊತ್ತಿಗೆ ಮುಟ್ಟಿದೆವು. ಇವತ್ತು ಬಡಿಗೆ ಮತ್ತೆ ತಪ್ಪಿದರೆ ಮುಂದೆ ಅದು ನಡೆಯಲು ಮಾತ್ರ ಉಪಯೋಗಕ್ಕೆ ಬರುತ್ತದೆ ಎಂದು ಅಜ್ಜನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸಂತೆಯಲ್ಲಿ ಆ ಸಾವಕಾರನೇ ಎದುರು ಬಂದ, ಬಹಳ ವಿನಯದಿಂದ.

"ಬರ್ರಿ ಅಜ್ಜಾರ. ಇಲ್ಲೊಂದು ಹೊಸಾ ಖಾನಾವಳಿ ಐತಿ. ಇವತ್ತ ಬಡಿಗಿ ಆಮ್ಯಾಲೆ ನಿಲ್ಲಸ್ರಿ. ಮೊದಲ ನಮ್ಮ ಜೋಡಿ ಕುಂತು ಬಾಯಿಲೆ ಹೇಳ್ರಿ."

ಗಂಡ ತೀರಿಕೊಂಡ ಮೇಲೆ ಒಬ್ಬ ಹೆಂಗಸು ಸೊಸೆಯನ್ನು ಜೊತೆಗಿಟ್ಟುಕೊಂಡು ನಡೆಸುತ್ತಿದ್ದ ಖಾನಾವಳಿ ಅದು. ಸಗಣಿ ಸಾರಿಸಿದ ನೆಲ ಕನ್ನಡಿಯ ಹಾಗಿತ್ತು. ಸಾವಕಾರ, ಅವನ ಗೆಳೆಯರು ಎಂಟು ಜನ ಎರಡು ಸಾಲಾಗಿ ಕೂತರು. ಆ ಹೆಂಗಸು ನೀರು ತಂದಳು, ತಂಬಿಗೆಯ ಕಂಠ ಹಿಡಿದು, ಬೆರಳು ಒಳಗೆ ಹೋಗದ ಹಾಗೆ. ಅಜ್ಜ ನನ್ನನ್ನು ನೋಡಿದ. ಅವಳು ಮತ್ತೆ ಒಳಗೆ ಹೋದಳು. ಒಳಗಿನಿಂದ ರೊಟ್ಟಿಯ ಸಪ್ಪಳ ಶುರುವಾಯಿತು. ಟಪ ಟಪ ಟಪ ಟಪ, ಒಂದೇ ಸಮನೆ, ಮಳೆಯಂತೆ. ಅಜ್ಜ ಕಣ್ಣು ಮುಚ್ಚಿದ. ಜ್ವರದ ಮೇಲೆ ಅವನ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

ಬಹಳ ಹೊತ್ತಿನ ಮೇಲೆ ತಾಟು ಬಂತು. ಅಜ್ಜನ ಬಟ್ಟಲಿಗೆ ಆ ಹೆಂಗಸೇ ಬೇರೆ ಚರಿಗೆಯಿಂದ ಸಾರು ಹಾಕಿದಳು. ಅಜ್ಜ ಎತ್ತಿ ಒಂದು ಗುಟುಕು ಕುಡಿದ.

"ಹೆಂಗೈತ್ರಿ?" ಎಂದ ಸಾವಕಾರ, ತಕ್ಷಣ.

ನಾನು ಇನ್ನೂ ಬಟ್ಟಲು ಮುಟ್ಟಿರಲಿಲ್ಲ. ಧೋತರ ಜಗ್ಗಿರಲಿಲ್ಲ. ಆದರೆ ಅಜ್ಜ ಆ ಸಪ್ಪಳದ ಗುಂಗಿನಲ್ಲೇ ಇದ್ದ.

"ಭೇಷ್!" ಅಂದ. "ಭೇಷ್ ಐತಿ."

ಎಂಟೂ ಜನರ ಕೈ ತಾಟಿನ ಮೇಲೆ ನಿಂತಿತು. ನಾನು ಬಟ್ಟಲು ಎತ್ತಿ ಕುಡಿದೆ. ಉಪ್ಪಿರಲಿಲ್ಲ. ಕಡಿಮೆ ಅಲ್ಲ, ಇಲ್ಲವೇ ಇಲ್ಲ. ತಾಟಿನ ಅಂಚಿನಲ್ಲೂ ಉಪ್ಪು ಬಡಿಸಿರಲಿಲ್ಲ. ಎರಡು ಸಲ ಜಗ್ಗಿದೆ, ನಾಲ್ಕು ಸಲ ಜಗ್ಗಿದೆ. ಟೂ ಲೇಟ್.

"ಉಪ್ಪ ಇಲ್ಲರಿ ಅದರಾಗ!" ಸಾವಕಾರ ತೊಡೆ ತಟ್ಟಿದ. "ನಾನ ಹೇಳಿ ಹಾಕಸಿದ್ದು. ಹಾನಗಲ್ಲಿಂದ ಸಂಶೇ ಇತ್ತು ನನಗ. ಅಜ್ಜಾರ ನಾಲಿಗಿ ಪೆನ್ಶನ್ ತೊಗೊಂಡೈತ್ರೆಪೋ!"

ಒಳಗಿನ ಸಪ್ಪಳ ನಿಂತಿತು. ಆ ಹೆಂಗಸು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಏನಂದ್ರಿ ಸಾವಕಾರ್ರ? ಅಜ್ಜಾರದು ಪಥ್ಯ ಐತಿ, ಡಾಕ್ಟರ್ ಉಪ್ಪು ಬ್ಯಾಡ ಅಂದಾರ ಅಂತ ಹೇಳಿ ಬ್ಯಾರೆ ಸಾರು ಮಾಡಿಸಿದವರು ನೀವಲ್ಲೇನು? ಚೇಷ್ಟಿ ಮಾಡಾಕ ನನ್ನ ಒಲಿನ ಸಿಕ್ತೇನು ನಿಮಗ? ಉಪ್ಪಿಲ್ಲದ ಸಾರು ಹಾಕಿದಾಕಿ ಅಂತ ನಾಳಿ ಸಂತಿ ತುಂಬ ನನ್ನ ಹೆಸರು ಆಗೂದು, ನಿಮ್ಮದಲ್ಲ!"

"ಹಂಗಲ್ಲವಾ..." ಎಂದ ಸಾವಕಾರ. ಮೀಸೆ ಸ್ವಲ್ಪ ಇಳಿಯಿತು.

ಅಜ್ಜ ತೊಡೆಯ ಮೇಲಿನ ಬಡಿಗೆಯನ್ನು ಊರಿ ಏಳಲು ನೋಡಿದ. ನನಗೆ ಏನಾಯಿತೋ, ನಾನೇ ಎದ್ದು ನಿಂತೆ. ಕಾನ್ವೆಂಟಿನಲ್ಲಿ ತಪ್ಪು ಒಪ್ಪಿಕೊಳ್ಳುವಾಗ ನಿಲ್ಲುವ ಹಾಗೆ ಕೈ ಹಿಂದೆ ಕಟ್ಟಿಕೊಂಡು, ಗಟ್ಟಿಯಾಗಿ, "ಇಟ್ ವಾಸ್ ಮೈ ಫಾಲ್ಟ್, ಪ್ಲೀಸ್ ಎಕ್ಸ್‌ಕ್ಯೂಸ್ ಮಿ!" ಎಂದೆ.

ಒಬ್ಬರಿಗೂ ತಿಳಿಯಲಿಲ್ಲ. ಹಿಂದೆ ಕೂತ ಒಬ್ಬ, "ಏನಂತ? ಉಪ್ಪು ಬೇಕಂತೇನು?" ಎಂದ.

"ತಪ್ಪು ನಂದು!" ಎಂದೆ. "ಹಾನಗಲ್ಲಾಗ ಧೋತರ ಜಗ್ಗಿದಾಕಿ ನಾನು. ಸವಣೂರಾಗೂ ನಾನು. ಸವಣೂರಾಗ ಅಜ್ಜ ರೊಟ್ಟಿ ಸರಿ ಇಲ್ಲ ಅಂತ ಮೊದಲ ಅಂದಿದ್ದ. ನಾನ ಛಲೋ ಐತಿ ಅಂದೆ. ನಮ್ಮ ಕಾನ್ವೆಂಟಿನಾಗ ಬರೇ ಕೋಸು ಕುದಿಸಿ ಹಾಕತಾರ, ಅದಕ್ಕ!"

ಸಾವಕಾರ ನನ್ನನ್ನು ಬಾಯಿ ತೆರೆದು ನೋಡಿದ. "ಅಂದ್ರ ಆ ಗೋಂದು ಉಣಿಸಿದಾಕಿ ನೀನ?"

"ಯೆಸ್" ಎಂದೆ.

ಮೊದಲು ಅವನು ನಕ್ಕನೋ, ಬೇರೆ ಯಾರು ನಕ್ಕರೋ. ಪಡಸಾಲೆಯ ಜಂತಿ ಹಾರುವಂಥ ನಗು. ಅಜ್ಜ ನನ್ನ ಕೈ ಹಿಡಿದು ಕೂರಿಸಿದ.

"ಕುಂದರವ್ವಾ. ಈಕಿದೇನೂ ತಪ್ಪಿಲ್ಲ. ನನ್ನ ನಾಲಿಗಿ ಹೋಗೇತಿ, ಖರೆ. ಜರದಾಗ ಹೋತು. ಹೇಳಾಕ ನಾಚಿಕಿ ಬಂತು."

ನಗು ತಗ್ಗಿತು. ಸಾವಕಾರನ ದನಿ ಈಗ ಬೇರೆ ಆಗಿತ್ತು. "ಮತ್ತ ಭೇಷ್ ಅಂದದ್ದು ಯಾತಕ್ಕರಿ ಅಜ್ಜಾರ, ರುಚಿ ತಿಳೀದ?"

"ಸಾರಿಗೆ ಅನ್ನಲಿಲ್ಲೋ ತಮ್ಮಾ. ಒಳಗಿನ ಸಪ್ಪಳಕ್ಕ ಅಂದೆ."

"ಸಪ್ಪಳದಾಗ ಏನ್ ತಿಳೀತೈತ್ರಿ?"

ಅಜ್ಜ ಮತ್ತೆ ಕಣ್ಣು ಮುಚ್ಚಿಕೊಂಡು, ಕೇಳಿದ್ದನ್ನೆಲ್ಲ ನೆನಪಿನಿಂದ ತೆಗೆಯುವವನ ಹಾಗೆ, ನಿಧಾನವಾಗಿ ಹೇಳಿದ. "ಹಿಟ್ಟು ಇವತ್ತ ಮುಂಜಾನೆ ಬೀಸಿದ್ದು. ಹಳೇದಾಗಿದ್ರ ಅಂಚು ಬಿರಿತೈತಿ, ಅದನ್ನ ಬೆರಳಿಲೆ ಕೂಡಸಾಕ ಕೈ ನಿಲ್ಲಬೇಕು. ಇಲ್ಲಿ ನಿಲ್ಲಲಿಲ್ಲ. ಮೊದಲ ಬಳಿ ಸಪ್ಪಳ ಇಲ್ಲದ ಕೈ ಬಡೀತು, ಅದು ಈ ತಂಗಿದು. ಆಮ್ಯಾಲೆ ಬಳಿ ಇರೋ ಕೈ, ಸೊಸಿದು. ನಾವು ಕುಂತಾಗಿಂದ ಒಂಬತ್ತು ರೊಟ್ಟಿ ಆದವು. ಆರನೇದು ಸೊಸಿ ಕೈಯಾಗ ಹರೀತು. ಹರಿದದ್ದು ಹಂಚಿನ ಮ್ಯಾಲೆ ಬಿತ್ತು, ಬೆಂತು. ಆದ್ರ ಬುಟ್ಟಿಗೆ ಬೀಳಲಿಲ್ಲ. ಬುಟ್ಟಿಗೆ ಎಂಟ ಬಿದ್ದಾವ. ಆ ಒಂದು ಎಲ್ಲಿ ಹೋತವ್ವಾ?"

ಆ ಹೆಂಗಸು ಹಿಟ್ಟಿನ ಕೈಯನ್ನು ಗಲ್ಲಕ್ಕೆ ಇಟ್ಟುಕೊಂಡಳು, ಗಲ್ಲ ಬೆಳ್ಳಗಾಯಿತು. ಒಳಗೆ ಹೋಗಿ ಒಲೆಯ ಹಿಂದಿನ ಗೂಡಿನಿಂದ ಒಂದು ರೊಟ್ಟಿ ತಂದು ತೋರಿಸಿದಳು. ನಡುವೆ ಹರಿದಿತ್ತು.

"ಹರಿದದ್ದು ಮಂದಿ ತಾಟಿಗೆ ಹೆಂಗ ಹಾಕೂದ್ರಿ ಅಜ್ಜಾರ? ನಾವು ತಿನ್ನಾಕ ಇಟ್ಟೇವಿ."

ಸಾವಕಾರ ಎದ್ದು ಒಳಗೆ ಇಣುಕಿ ಬುಟ್ಟಿಯಲ್ಲಿದ್ದವನ್ನೂ ನಮ್ಮ ತಾಟಿನಲ್ಲಿದ್ದವನ್ನೂ ಕೂಡಿಸಿ ಎಣಿಸಿಕೊಂಡು ಬಂದ. ಲೆಕ್ಕ ಸರಿಯಿತ್ತು. ತನ್ನ ರುಮಾಲು ತೆಗೆದು ಪಕ್ಕಕ್ಕಿಟ್ಟು ಊಟಕ್ಕೆ ಕೂತ. ಒಂದು ತುತ್ತು ಉಂಡು, "ಅಜ್ಜಾರ, ಸಾರಿಂದು ಇನ್ನ ಮ್ಯಾಲೆ ನಾವು ಹೇಳತೇವಿ. ರೊಟ್ಟಿದು ನೀವ ಕೇಳ್ರಿ. ಆದ್ರ ಈ ಕೋಸಿನ ಹುಡುಗಿನ್ನ ಮಾತ್ರ ದೂರ ಕುಂದರಸ್ರಿ!" ಎಂದ.

"ಈಗ ಕಲ್ತಾಳೋ. ನಿನಗಿಂತ ಮೊದಲ ಉಪ್ಪಿಲ್ಲದ್ದು ಹೇಳಿದಾಕಿ ಆಕಿ. ನನ್ನ ಧೋತರ ಕೇಳು" ಎಂದ ಅಜ್ಜ.

ಆ ಬಡಿಗೆ ಯುದ್ಧದ ವರ್ಷಗಳಲ್ಲೂ ನಿಲ್ಲುತ್ತಿತ್ತು. ಜೋಳಕ್ಕೂ ರೇಷನ್ ಚೀಟಿ ಬಂದು ಖಾನಾವಳಿಗಳು ಒಂದೊಂದಾಗಿ ಮುಚ್ಚಿದಾಗ ನಿಲ್ಲಲು ಬಾಗಿಲುಗಳೇ ಕಡಿಮೆಯಾದವು, ಅಷ್ಟೇ. ಅಜ್ಜನಿಗೆ ನಾಲಿಗೆ ಮರಳಿ ಬರಲಿಲ್ಲ. ಬೇಸಿಗೆ ಬಂತೆಂದರೆ ಸಂತೆಯಲ್ಲಿ ಜನ, "ಮೊಮ್ಮಗಳು ಸೂಟಿಗೆ ಬಂದಾಳೇನ್ರಿ ಅಜ್ಜಾರ?" ಎಂದು ಕೇಳುತ್ತಿದ್ದರು. ನನ್ನ ಕ್ಷೇಮಕ್ಕಾಗಿ ಕೇಳುತ್ತಾರೆ ಎಂದು ಆಯಿ ಕೊನೆಯವರೆಗೂ ತಿಳಿದಿದ್ದಳು.

ಆದರೆ ಅಂದು ಹಿರೇಕೆರೂರಿನಲ್ಲಿ, ಆ ಒಂದು ಮಧ್ಯಾಹ್ನ. ಅಜ್ಜ ತೊಡೆಯ ಮೇಲಿನ ಬಡಿಗೆ ಎತ್ತಿ ನನ್ನ ಕೈಗೆ ಕೊಟ್ಟ. "ಹೋಗು. ನಿಲ್ಲಿಸಿ ಬಾ" ಎಂದ. ನನಗಿಂತ ಎತ್ತರದ ಬಡಿಗೆ. ಬಾಗಿಲಿಗೆ ಆನಿಸಿದರೆ ಜಾರಿತು. ಎರಡನೆಯ ಸಲವೂ ಜಾರಿತು. ಮೂರನೆಯ ಸಲ ಬುಡವನ್ನು ಕಲ್ಲಿನ ಸಂದಿಗೆ ಒತ್ತಿ ನಿಲ್ಲಿಸಿದೆ. ಹಿತ್ತಾಳೆಯ ತಲೆ ಬಿಸಿಲಿಗೆ ಹೊಳೆಯಿತು. ನಾನು ಕೈ ಬಿಡುವ ಮೊದಲೇ ಬೀದಿಯ ಆಚೆಯಿಂದ ಇಬ್ಬರು ಚಕ್ಕಡಿಯವರು ಹೆಗಲ ಮೇಲಿನ ವಸ್ತ್ರ ಝಾಡಿಸಿಕೊಂಡು ಇತ್ತ ಹೊರಟಿದ್ದರು.

ಒಳಗೆ ಬಂದೆ. ಪಡಸಾಲೆಯಲ್ಲಿ ಜಾಗ ಇರಲಿಲ್ಲ. ಆ ಹೆಂಗಸು ನನ್ನನ್ನು ಅಡುಗೆಮನೆಗೆ ಕರೆದು ಒಲೆಯ ಹತ್ತಿರ ಕೂರಿಸಿದಳು. ಆ ಹರಿದ ರೊಟ್ಟಿಯನ್ನೇ ಮತ್ತೆ ಹಂಚಿನ ಮೇಲೆ ಬೆಚ್ಚಗೆ ಮಾಡಿ, ಬೆಣ್ಣೆ ಹಚ್ಚಲು ಹೋದಳು.

"ಬ್ಯಾಡ್ರಿ, ಬರೇದ ಕೊಡ್ರಿ" ಎಂದೆ.

ಕಣ್ಣು ಮುಚ್ಚಿ, ಎಣಿಸುತ್ತ ಅಗಿದೆ. ಹನ್ನೆರಡಕ್ಕೇ ಸಿಹಿ ಬಂತು.